ಮಾಯಾಳ ಖೋ

ಖೋ-ಖೋ ಪಂದ್ಯದ ಪಂಚರಿಗೆ, ಅಂದರೆ ತೀರ್ಪುಗಾರರಿಗೆ, ಹಾರ ಹಾಕಿ ಮೆರೆಸಿದ್ದನ್ನು ಪುಣೆಯಲ್ಲಿ ಕಂಡವರಿಲ್ಲ. ಗೆದ್ದವರು ತಮ್ಮ ಕಾಲಿನ ಬಲದಿಂದ ಗೆದ್ದಿರುತ್ತಾರೆ, ಸೋತವರು ಪಂಚರ ಕಣ್ಣು ಕುರುಡಾದದ್ದರಿಂದ ಸೋತಿರುತ್ತಾರೆ. ಇಷ್ಟು ಗೊತ್ತಿದ್ದೂ ರೇಣು ವಾರವಿಡೀ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಪಟ್ಟಿ ಸುತ್ತಿ, ರವಿವಾರ ಬಂತೆಂದರೆ ಕೊರಳಿಗೆ ಸೀಟಿ ಹಾಕಿಕೊಂಡು ವಾಕಡದಲ್ಲಿ ಬಸ್ಸು ಹತ್ತುತ್ತಿದ್ದಳು. ಗಂಡ ಮಾಂತು, "ರವಿವಾರ ಒಂದಿನಾರ ಮನ್ಯಾಗ ಕುಂದ್ರು," ಎಂದರೆ, "ಆರು ದಿನ ಮಂದಿ ನನಗ ಸೀಟಿ ಊದ್ತಾರ, ಒಂದಿನ ನಾ ಊದ್ತೀನಿ," ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಎರಡು ಸಾವಿರದ ಎಂಟನೇ ಇಸವಿಯ ಡಿಸೆಂಬರಿನ ಆ ರವಿವಾರ ಮಾತ್ರ ಅವಳು ಊದಲು ಬಂದಿರಲಿಲ್ಲ, ನೋಡಲು ಬಂದಿದ್ದಳು. ಸದಾಶಿವ ಪೇಠದ ಮೈದಾನದಲ್ಲಿ ಹುಡುಗಿಯರ ಅಂತಿಮ ಪಂದ್ಯ. ಗೇಟಿನಲ್ಲೇ ದತ್ತು ಸರ್ ಅಡ್ಡ ನಿಂತರು. ರೇಣುವಿಗೆ ಚಿಕ್ಕಂದಿನಲ್ಲಿ ಆಟ ಕಲಿಸಿದವರು ಅವರೇ. ಈಗ ಆಡಲಿದ್ದ ಎರಡು ತಂಡಗಳಲ್ಲಿ ಒಂದು ಅವರದು. ಬರಬೇಕಾದ ಪಂಚರ ಸ್ಕೂಟರ್ ಪಂಚರ್ ಆಗಿ ಎಲ್ಲೋ ನಿಂತಿದೆ, ನೀನೇ ನಿಲ್ಲು ಎಂದರು ಮರಾಠಿಯಲ್ಲಿ.

"ನನಗೆ ಬೇಡ ಸರ್. ನಿಮ್ಮ ತಂಡದಲ್ಲಿ ಸ್ವರ್ಣಾ ಇದ್ದಾಳೆ," ಎಂದಳು ರೇಣು, ಅವಳೂ ಮರಾಠಿಯಲ್ಲೇ.

ಎದುರು ತಂಡಕ್ಕೆ ಆಟ ಕಲಿಸುತ್ತಿದ್ದ ಬಾಯಿಯವರಿಗೂ ಈ ಮಾತು ಕೇಳಿಸಿತು. ಅವರು ನಕ್ಕು, "ರೇಣುತಾಯಿ ನಿಂತರೆ ನಮ್ಮ ತಕರಾರಿಲ್ಲ," ಎಂದುಬಿಟ್ಟರು. ಹೊಗಳಿಕೆಯ ಮಾತೇ, ಆದರೆ ರೇಣುವಿಗೆ ಅದು ಕೈಕಾಲು ಕಟ್ಟಿ ಹಾಕಿದ ಹಾಗಾಯಿತು. ಇನ್ನು ಹಿಂದೆ ಸರಿದರೆ ಪಂದ್ಯವೇ ನಿಲ್ಲುತ್ತದೆ.

ಸ್ವರ್ಣಾ, ಪೂರ್ತಿ ಹೆಸರು ಸ್ವರ್ಣಲತಾ, ರೇಣುವಿನ ಗೆಳತಿ ಮಾಯಾಳ ಮಗಳು. ಮಾಯಾ ಹಿಂದಿನ ವರ್ಷ ತೀರಿಕೊಂಡಿದ್ದಳು. ಆಮೇಲೆ ಹುಡುಗಿಯ ತಂದೆ ಅವಧೂತ ಒಂದು ಮಾತು ಹೇಳಿಬಿಟ್ಟಿದ್ದ. ಈ ಸಲ ಜಿಲ್ಲಾ ತಂಡಕ್ಕೆ ಆರಿಸಿದರೆ ಆಟ ಮುಂದುವರಿಯಲಿ, ಇಲ್ಲದಿದ್ದರೆ ಪರೀಕ್ಷೆ ಮುಗಿಯುತ್ತಲೂ ಧಾರವಾಡಕ್ಕೆ, ಸೋದರತ್ತೆಯ ಮನೆಗೆ, ಅಲ್ಲೇ ಶಾಲೆ. ಆರಿಸುವವರು ಗೆದ್ದ ತಂಡವನ್ನೇ ಮೊದಲು ನೋಡುತ್ತಾರೆ ಎಂಬುದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಈ ಪಂದ್ಯ ಸೋತರೆ ಹುಡುಗಿಯ ಆಟ ಮುಗಿಯಿತು. ಪುಣೆಯಲ್ಲಿ ಮಾಯಾ ಅಂತ ಉಳಿದಿದ್ದುದೂ ಮುಗಿಯಿತು.

ದವಾಖಾನೆಯಲ್ಲಿ ಕೊನೆಯ ಸಲ ಕಂಡಾಗ ಮಾಯಾ ಅವಳ ಕೈ ಹಿಡಿದು, "ಅಕಿ ಆಟದ ಮ್ಯಾಲ ಕಣ್ಣಿಡು ರೇಣು," ಅಂದಿದ್ದಳು. ಆಗ ಅದಕ್ಕೆ ಒಂದೇ ಅರ್ಥವಿತ್ತು.

ಇವರಿಬ್ಬರು ಗೆಳತಿಯರಾದದ್ದೇ ಒಂದು ತಮಾಷೆ. ತೊಂಬತ್ತೊಂದರಲ್ಲಿ ಮೈದಾನದ ಪಕ್ಕದ ಹಳೇ ವಾಡೆಯೊಂದನ್ನು ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದರು. ರೇಣುವಿನ ತಾಯಿ ಶರಣಮ್ಮ ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ಕಟ್ಟಡದ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ಮನೆ. ರೇಣು ಕೊಡ ಹೊತ್ತು ನೀರಿಗೆ ಹೋಗುವಾಗ ಬೇಲಿಯ ಹತ್ತಿರ ನಿಂತು ಆಟ ನೋಡುವುದು, ಹೊತ್ತಾಯಿತೆಂದು ಅವ್ವನ ಹತ್ತಿರ ಬೈಸಿಕೊಳ್ಳುವುದು ದಿನದ ಪರಿಪಾಠವಾಗಿತ್ತು. ಒಂದು ಸಂಜೆ ಅಭ್ಯಾಸಕ್ಕೆ ಒಬ್ಬ ಹುಡುಗಿ ಕಡಿಮೆ ಬಿದ್ದಳು. ದತ್ತು ಸರ್ ಬೇಲಿಯ ಕಡೆ ಕೈ ಮಾಡಿ ಇವಳನ್ನು ಒಳಗೆ ಕರೆದರು, ಸಾಲಿನಲ್ಲಿದ್ದ ಒಂದು ಚೌಕ ತೋರಿಸಿ ಗದರಿದರು: "ಖಾಲೀ ಬಸ್!"

ಪುಣೆಗೆ ಬಂದು ಇನ್ನೂ ತಿಂಗಳಾಗದ ಹುಡುಗಿ. ಮರಾಠಿಯಲ್ಲಿ ಅದಕ್ಕೆ ಕೆಳಗೆ ಕೂತುಕೋ ಎಂಬ ಅರ್ಥವಿದೆಯೆಂದು ಅವಳಿಗೇನು ಗೊತ್ತು? ರೇಣು ಕೊಡ ಕೆಳಗಿಟ್ಟು ರಸ್ತೆಯ ಕಡೆ ತಿರುಗಿ ನೋಡಿದಳು. ಬಸ್ಸು ಕಾಣಲಿಲ್ಲ. ಸರ್ ಮತ್ತೆ, ಇನ್ನೂ ಜೋರಾಗಿ, "ಖಾಲೀ ಬಸ್!" ಅಂದರು. ಇವಳು ಗಾಬರಿಯಿಂದ, "ಎಲ್ಲಿ ಬಂದದರೀ? ಯಾವೂರಿಗಿ ಹೋಗ್ತದರೀ?" ಅಂದಳು.

ಸಾಲಿನಲ್ಲಿ ಕೂತಿದ್ದ ಒಬ್ಬಳು ಮಾತ್ರ ನಕ್ಕು ನಕ್ಕು ಮಣ್ಣಿನಲ್ಲಿ ಉರುಳಿದಳು. ಆಮೇಲೆ ಕಣ್ಣೊರೆಸಿಕೊಂಡು, "ಬಸ್ಸಲ್ಲ ಮಾರಾಯ್ತಿ, ಕೆಳಗ ಕುಂದ್ರು ಅಂತಾರ ಅವರು," ಎಂದಳು. ಆ ಊರಿನಲ್ಲಿ ಶೆಡ್ಡಿನ ಹೊರಗೆ ರೇಣು ಕೇಳಿದ ಮೊದಲ ಕನ್ನಡ ಅದು. ನಗೆಪಾಟಲಾದದ್ದಕ್ಕೆ ಬೇಜಾರಾಗುವುದರ ಬದಲು ಅವಳಿಗೆ ಕಣ್ಣು ತುಂಬಿ ಬಂತು. ನಕ್ಕವಳೇ ಮಾಯಾ, ಧಾರವಾಡದ ಕಡೆಯ ಗುಮಾಸ್ತ ಮನೋಹರರಾಯರ ಮಗಳು.

ಮಾಯಾ ಆಟ ಆಡುತ್ತಿದ್ದಳು, ಹಾಡನ್ನೂ ಕಲಿಯುತ್ತಿದ್ದಳು. ತಬಲಾ ಬಾರಿಸುವವನು ವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ರೇಣುವೇ ತಬಲಾ. ಎದುರಿಗೆ ಕೂತು ಕೈಯಲ್ಲಿ ತಾಳ ಹಾಕಬೇಕು. ಮಾಯಾ ಹೇಳಿಕೊಟ್ಟಳು, "ಇಲ್ಲಿ ಬಡೀಬ್ಯಾಡ, ಕೈ ಮ್ಯಾಲ ಮಾಡಿ ಬರೇ ಗಾಳ್ಯಾಗ ಬಿಡು. ಇದಕ್ಕ ಖಾಲಿ ಅಂತಾರ."

"ಖಾಲಿ ಅಂದ್ರ ಕೆಳಗ ಅಂದಿದ್ದೆಲ್ಲ?"

"ಮೈದಾನದಾಗ ಕೆಳಗ. ಹಾಡಿನಾಗ ಖಾಲಿ ಅಂದ್ರ ಖಾಲೀನೇ. ಅಲ್ಲಿ ಸಪ್ಪಳ ಇರಂಗಿಲ್ಲ, ಆದ್ರ ಎಣಿಸೂದು ತಪ್ಪಸಬಾರದು. ತಪ್ಪಿಸಿದ್ರ ಪೂರಾ ಹಾಡು ಹಳ್ಳಾ ಹಿಡೀತದ."

ಮಾಯಾ ಹೋದ ಮೇಲೆ ರೇಣುವಿಗೆ ಈ ಮಾತು ಸರಿಯಾಗಿ ತಿಳಿಯಿತು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ, ಬಸ್ಸಿನಲ್ಲಿ, ಯಾವುದಾದರೂ ನಗುವ ಮಾತು ಬಂದಾಗ, ಇದನ್ನು ಅಕಿಗೆ ಹೇಳಬೇಕು ಎಂದು ಕೈ ಎತ್ತಿ, ಹಾಗೇ ಗಾಳಿಯಲ್ಲಿ ಬಿಡುವುದು. ಸಪ್ಪಳವಿಲ್ಲ, ಆದರೆ ದಿನಕ್ಕೆ ಎಷ್ಟೋ ಸಲ ಬರುವುದಂತೂ ನಿಜ. ಸತ್ತವರನ್ನು ಮರೆತು ಮುಂದೆ ಹೋಗು ಎನ್ನುವವರ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು. ಮುಂದೆ ಹೋಗುವುದು ಸರಿ, ಎಣಿಕೆ ಯಾಕೆ ತಪ್ಪಿಸಬೇಕು?

ಆದರೆ ಮಾಯಾಳನ್ನು ದೇವತೆ ಮಾಡುವುದು ಬೇಡ. ಮಾಯಾ ಶುದ್ಧ ಕಳ್ಳಿ.

ಖೋ-ಖೋ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಎಂಟು ಹುಡುಗಿಯರು ಒಂದೇ ಸಾಲಿನಲ್ಲಿ, ಒಬ್ಬಳು ಈ ಕಡೆ ಮುಖ, ಪಕ್ಕದವಳು ಆ ಕಡೆ ಮುಖ ಮಾಡಿ ತುದಿಗಾಲಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರು ತಂಡದವರನ್ನು ಬೆನ್ನಟ್ಟುತ್ತಾಳೆ. ಅವರು ಸಾಲಿನ ನಡುವೆ ನುಸುಳಿ ಆಚೆ ಹೋದರೆ ಇವಳಿಗೆ ನುಸುಳುವ ಹಕ್ಕಿಲ್ಲ. ಕೂತವಳೊಬ್ಬಳ ಬೆನ್ನು ಮುಟ್ಟಿ "ಖೋ" ಅನ್ನಬೇಕು, ಆಗ ಆಕೆ ಎದ್ದು ಓಡಬೇಕು. ಕೈ ಮುಟ್ಟಿ, ಮಾತು ಕೇಳಿದ ಮೇಲೆಯೇ ಏಳಬೇಕು. ಮೊದಲೇ ಎದ್ದರೆ ತಪ್ಪು, ಸೀಟಿ.

ಒಮ್ಮೆ ಪಂದ್ಯದಲ್ಲಿ ರೇಣು ಮಾಯಾಳ ಪಕ್ಕದ ಚೌಕದಲ್ಲಿ ಕೂತಿದ್ದಳು. ಬೆನ್ನಟ್ಟುತ್ತಿದ್ದ ಹುಡುಗಿ ರೇಣುವಿನ ಕಣ್ಣೆದುರಿಗೇ ಓಡಿ ಬಂದಳು. ಅವಳ ತುಟಿ ಬಿಗಿದಿತ್ತು, ಕೈ ಮಾಯಾಳ ಬೆನ್ನಿಗೆ ಇನ್ನೂ ಮೊಳ ದೂರವಿತ್ತು. ಆದರೂ "ಖೋ" ಕೇಳಿಸಿತು, ಮಾಯಾ ಚಂಗನೆ ಎದ್ದೇಬಿಟ್ಟಿದ್ದಳು! ಓಡಿ ಬಂದವಳೂ ಆಮೇಲೆ ಒಂದು ಖೋ ಅಂದಳು, ಆದರೆ ಆ ಗದ್ದಲದಲ್ಲಿ ಎರಡು ಖೋ ಒಂದಾಗಿ ಹೋದವು. ತನಗೆ ತಾನೇ ಖೋ ಕೊಟ್ಟುಕೊಂಡಿದ್ದಳು ಮಾರಾಯ್ತಿ, ಅದೂ ಓಡಿ ಬರುವವಳ ದನಿಯನ್ನು ಅಣಕಿಸಿ. ಹಾಡು ಕಲಿತ ಗಂಟಲು ಇದಕ್ಕೆ ಬಂತು ಕೆಲಸಕ್ಕೆ. ಆ ಖೋದ ಬಾಲದಲ್ಲಿ ಮಾತ್ರ ಅವಳದೇ ಗುರುತು ಉಳಿದಿತ್ತು. "ಓ" ಅನ್ನುವುದು ಸಣ್ಣಗೆ ಮೇಲಕ್ಕೆ ತಿರುಗಿ ನಿಲ್ಲುತ್ತಿತ್ತು. ದಿನಾ ತಾಳ ಹಾಕಿದವಳಿಗಷ್ಟೇ ಅದು ತಿಳಿಯುವಂಥದ್ದು.

"ಹಾಡಿನಾಗ ಕದ್ರ ತಬಲಾದವ ಹಿಡೀತಾನ. ಆಟದಾಗ ಯಾರು ಹಿಡೀತಾರ?" ಎಂದು ಮಾಯಾ ಶೇಂಗಾ ಸುಲಿಯುತ್ತ ಕೇಳಿದ್ದಳು.

"ನಾ ಹಿಡಿದ್ನೆಲ್ಲ."

"ನೀ ಹೇಳಂಗಿಲ್ಲ."

"ಯಾಕ ಹೇಳಂಗಿಲ್ಲ?"

"ನಿನಗೂ ಗೆಲ್ಲೂದು ಬೇಕಾಗೇದ. ಅದಕ್ಕ."

ರೇಣು ಅದನ್ನು ಯಾರಿಗೂ ಹೇಳಲಿಲ್ಲ. ಮುಂದೆ ಇಬ್ಬರ ಮದುವೆಯಾಯಿತು, ಮಾಯಾ ಸದಾಶಿವ ಪೇಠದಲ್ಲೇ ಉಳಿದಳು, ರೇಣು ವಾಕಡ ಸೇರಿದಳು. ರೇಣು ಪಂಚರ ಪರೀಕ್ಷೆ ಪಾಸಾದಾಗ ಮೊದಲು ಪೇಢೆ ತಿಂದವಳು ಮಾಯಾ. "ಕಳ್ಳರ ಗೆಳತಿ ಪೊಲೀಸ್ ಆದ್ಲು ನೋಡ್ರಿ," ಎಂದು ಗಂಡನೆದುರು ಕುಣಿದಿದ್ದಳು.

ಪಂದ್ಯ ಶುರುವಾಯಿತು. ರೇಣು ಅಂಗಳದ ಉದ್ದಕ್ಕೆ ತನ್ನ ಬದಿಯಲ್ಲಿ ನಿಂತಳು, ಇನ್ನೊಬ್ಬ ಪಂಚರು ಆ ಬದಿಗೆ. ಮೊದಲ ಮೂರು ಸರದಿ ಹೇಗೋ ಕಳೆದವು. ಸ್ವರ್ಣಾಳ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ರೇಣು ಅವಳನ್ನು ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕೊನೆಯ ಸರದಿಯಲ್ಲಿ ಸ್ವರ್ಣಾಳ ತಂಡ ಬೆನ್ನಟ್ಟಬೇಕು. ಸಮಯ ಕರಗುತ್ತ ಬಂತು. ಇನ್ನಿಬ್ಬರನ್ನು ಮುಟ್ಟಿದರೆ ಅಂಕ ಸಮ, ಆಮೇಲೆ ಹೆಚ್ಚಿನ ಸುತ್ತು. ದತ್ತು ಸರ್ ಗೆರೆಯ ಆಚೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು.

ಸ್ವರ್ಣಾ ರೇಣುವಿಗೆ ಬೆನ್ನು ಮಾಡಿ ಕೂತಿದ್ದಳು. ಬೆನ್ನಟ್ಟುತ್ತಿದ್ದ ಹುಡುಗಿ ರೇಣುವಿನ ಬದಿಯಲ್ಲೇ ಧೂಳೆಬ್ಬಿಸುತ್ತ ಬಂದಳು. ಬಾಯಿ ಮುಚ್ಚಿತ್ತು. ಕೈ ಚಾಚುತ್ತಿದ್ದಳು.

"ಖೋ!"

ಸಣ್ಣಗೆ ಮೇಲಕ್ಕೆ ತಿರುಗಿ ನಿಂತಿತು ಅದರ ಬಾಲ.

ರೇಣುವಿನ ಮೈಯ ಕೂದಲೆಲ್ಲ ಎದ್ದು ನಿಂತವು. ಮಾಯಾ! ಒಂದು ವರ್ಷದಿಂದ ಎಲ್ಲೂ ಇಲ್ಲದ ದನಿ, ಕನಸಿನಲ್ಲೂ ಕೇಳದ ದನಿ, ಇಲ್ಲಿ ಹಗಲಲ್ಲಿ, ಹತ್ತು ಮಾರು ದೂರದಲ್ಲಿ. ಸೀಟಿ ಹಲ್ಲಿನ ನಡುವೆಯೇ ಇತ್ತು, ಉಸಿರು ಮಾತ್ರ ಹೊರಡಲಿಲ್ಲ. ಅಷ್ಟರಲ್ಲಿ ಸ್ವರ್ಣಾ ಸಾಲಿನಾಚೆ ಹಾರಿ ಎದುರು ತಂಡದ ಹುಡುಗಿಯ ಭುಜ ಮುಟ್ಟಿಯಾಗಿತ್ತು. ಔಟ್! ಮೈದಾನ ಹೋ ಎಂದಿತು. ಯಾರೂ ತಕರಾರು ತೆಗೆಯಲಿಲ್ಲ.

ಸ್ವರ್ಣಾ ತಿರುಗಿ ರೇಣುವಿನ ಮುಖವನ್ನೇ ನೋಡಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ ಆಟದಲ್ಲಿ ಮುಳುಗಿದಳು.

ತಪ್ಪು ರೇಣುವಿನ ಕಣ್ಣೆದುರು ನಡೆದಿತ್ತು, ಅವಳು ಊದಿರಲಿಲ್ಲ. ಎದುರು ತಂಡದ ಬಾಯಿಯವರು "ನಮ್ಮ ತಕರಾರಿಲ್ಲ" ಎಂದದ್ದು ಕಿವಿಯಲ್ಲಿ ಚುಚ್ಚಿತು. ಆ ತಂಡದ ಹುಡುಗಿಯರಿಗೂ ಮನೆಯಲ್ಲಿ ಯಾರಾದರೂ ಹೀಗೇ ಮಾತು ಹಾಕಿ ಕಳಿಸಿರಬಹುದು, ಅವರಿಗೂ ಇದೇ ಕೊನೆಯ ಆಟವಿರಬಹುದು. ಇನ್ನೊಂದು ಔಟ್ ಬೇಕು. ಈ ಹುಡುಗಿ ಅದನ್ನು ಮತ್ತೆ ಮಾಡುತ್ತಾಳೆ, ತಾಯಿಯ ಹಾಗೇ, ರೇಣುವಿಗೆ ಅದು ಖಂಡಿತ. ಊದಿದರೆ ಮಾಯಾಳ ದನಿಯ ಬಾಯಿ ಮುಚ್ಚಿಸಿದ ಹಾಗೆ, ಮಗಳನ್ನು ಧಾರವಾಡದ ಬಸ್ಸು ಹತ್ತಿಸಿದ ಹಾಗೆ. ಊದದಿದ್ದರೆ ಈ ಕೊರಳಿನ ಸೀಟಿ ಇನ್ನು ಯಾವ ಪುರುಷಾರ್ಥಕ್ಕೆ? ಕಣ್ಣಿಡು ಅಂದಿದ್ದಳು ಮಾಯಾ. ಕಾಪಾಡು ಎಂದೇ? ಕಾಯ್ದು ನೋಡು ಎಂದೇ? ಅವಳ ಮಾತು ಯಾವಾಗ ನೆಟ್ಟಗಿತ್ತು!

ಸಮಯ ನೋಡುವವರು ಕೈ ಎತ್ತಿ ಸನ್ನೆ ಮಾಡಿದರು, ಕೊನೆಯ ಅರ್ಧ ನಿಮಿಷ. ಸ್ವರ್ಣಾ ಮತ್ತೆ ರೇಣುವಿಗೆ ಬೆನ್ನು ಮಾಡಿ ಕೂತಿದ್ದಳು. ಬೆನ್ನಟ್ಟುತ್ತಿದ್ದ ಹುಡುಗಿ ಸಾಲಿನ ತುದಿಯ ಕಂಬ ಸುತ್ತಿ ಬಂದಳು. ರೇಣು ಅವಳ ತುಟಿಗಳ ಮೇಲೆ ಕಣ್ಣು ನೆಟ್ಟಳು. ತೆರಿ ತಾಯಿ, ಬಾಯಿ ತೆರಿ, ನೀನೇ ಅನ್ನು, ಎಂದು ಒಳಗೊಳಗೇ ಬೇಡಿಕೊಂಡಳು. ತುಟಿ ತೆರೆಯಲಿಲ್ಲ.

"ಖೋ!" ಮೊದಲಿಗಿಂತ ಜೋರಾಗಿ, ಬಾಲ ಸ್ಪಷ್ಟವಾಗಿ ಮೇಲಕ್ಕೆ ತಿರುಗಿ.

ರೇಣು ಊದಿದಳು. ಊದುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ತೆರೆದಾಗ ಸ್ವರ್ಣಾ ಎದುರಾಳಿಯನ್ನು ಮುಟ್ಟಿ ನಿಂತಿದ್ದಳು, ಆ ಔಟ್ ಲೆಕ್ಕಕ್ಕಿಲ್ಲ ಎಂದು ರೇಣುವಿನ ಕೈ ತಾನಾಗಿ ಸನ್ನೆ ಮಾಡುತ್ತಿತ್ತು. ಸಮಯ ಮುಗಿಯಿತು. ಸ್ವರ್ಣಾಳ ತಂಡ ಒಂದೇ ಅಂಕದಿಂದ ಸೋತಿತು.

ದತ್ತು ಸರ್ ಹತ್ತಿರ ಬಂದು ಮರಾಠಿಯಲ್ಲಿ, "ಖೋ ನನಗೆ ಚೆನ್ನಾಗಿ ಕೇಳಿಸಿತು. ನಿನಗೇನು ಕೇಳಿಸಿತು?" ಎಂದರು.

"ನನಗೂ ಕೇಳಿಸಿತು ಸರ್. ಅದಕ್ಕೇ ಊದಿದೆ," ಎಂದಳು ರೇಣು. ಅವರು ಅರ್ಥವಾಗದೆ ಕೈ ಕೊಡವಿ ಹೋದರು. ಮುಂದೆ ಒಂದು ವರ್ಷ ಅವಳೊಡನೆ ಮಾತಾಡಲಿಲ್ಲ.

ಸ್ವರ್ಣಾ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ರೇಣು ಹೋಗಿ ಪಕ್ಕದಲ್ಲಿ ನಿಂತಳು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದಳು. ಹುಡುಗಿ ತಲೆ ಎತ್ತದೆ ಕೇಳಿದಳು, "ಮೌಶಿ, ಮೊದಲನೇ ಸಲ ಯಾಕ ಊದ್ಲಿಲ್ರಿ?"

"ನಿಮ್ಮವ್ವನ ದನಿ ಕೇಳಿಧಾಂಗಾತು. ಜೀವ ಬಾಯಿಗಿ ಬಂದು ಸೀಟಿ ಊದಾಕ ಆಗ್ಲಿಲ್ಲ."

ಹುಡುಗಿ ಈಗ ನೋಡಿದಳು. "ಖರೇನಾ? ಥೇಟ್ ಹಂಗೇ ಇತ್ತೇನ್ರಿ?"

"ಥೇಟ್."

"ಅವ್ವ ದವಾಖಾನ್ಯಾಗ ಒಮ್ಮೆ ಮಾಡಿ ತೋರಿಸಿದ್ಲು. ರೇಣು ಇದ್ದಲ್ಲಿ ಮಾಡಬ್ಯಾಡ, ಅಕಿಗೊಬ್ಬಾಕಿಗೆ ತಿಳೀತದ ಅಂದಿದ್ಲು."

"ತಿಳಿದೂ ತಿಳಿದೂ ಎರಡನೇ ಸಲ ಯಾಕ ಮಾಡ್ದಿ ಹುಚ್ಚಿ? ಟೀಮು ಹೋತಲ್ಲ!"

ಸ್ವರ್ಣಾ ನಲ್ಲಿಯನ್ನು ನಿಧಾನ ಬಂದ್ ಮಾಡಿದಳು. "ಮೊದಲನೇದು ಗೆಲ್ಲಾಕಂತ ಮಾಡ್ದೆರಿ. ಆಮ್ಯಾಲ ನಿಮ್ಮ ಮಾರಿ ನೋಡಿದೆ. ಮನ್ಯಾಗ ಅವ್ವನ ಹೆಸರು ತಗದ್ರ ಪಪ್ಪಾ ಚಪ್ಪಲಿ ಮೆಟ್ಟಿ ಹೊರಗ ಹೋಗಿಬಿಡ್ತಾರ. ಯಾರೂ ಮಾತಾಡಂಗಿಲ್ಲ. ನಿಮಗ ಅಕಿ ದನಿ ಗುರ್ತು ಸಿಕ್ತು ಅಂತ ಗೊತ್ತಾತು. ನಿಮಗ ಇನ್ನೊಮ್ಮೆ ಕೇಳಿಸ್ಲಿ ಅಂತ ಮಾಡ್ದೆ ಮೌಶಿ. ನೀವು ಊದ್ತೀರಿ ಅಂತ ಅನಿಸಿತ್ತು."

ರೇಣು ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಹುಡುಗಿಯನ್ನು ಎಳೆದು ಅಪ್ಪಿಕೊಂಡು, ಸುತ್ತ ಯಾರಿದ್ದಾರೆಂದು ನೋಡದೆ ಗೊಳೋ ಎಂದು ಅತ್ತಳು. ದವಾಖಾನೆಯಲ್ಲಿ ಅಳದವಳು, ಮಣ್ಣು ಮಾಡುವ ದಿನವೂ ಮನೆಯವರಿಗೆ ಧೈರ್ಯ ಹೇಳುತ್ತ ನಿಂತವಳು, ಒಂದು ವರ್ಷದ ಅಳುವನ್ನೆಲ್ಲ ಅಲ್ಲೇ ಮುಗಿಸಿದಳು. ಆಮೇಲೆ ಸೆರಗಿನಿಂದ ಇಬ್ಬರ ಮುಖವನ್ನೂ ಒರೆಸಿ ಎದ್ದಳು. "ನಡಿ. ನಿಮ್ಮ ಪಪ್ಪಾನ ಮುಂದ ಕುಂತು ನಿಮ್ಮವ್ವನ ಕಳ್ಳತನ ಎಲ್ಲಾ ಹೇಳ್ತೀನಿ. ಎದ್ದು ಹೊರಟ್ರ ಬಾಗಲಕ್ಕ ಅಡ್ಡ ನಾ ಕುಂದರ್ತೀನಿ."

ಮುಂದಿನ ವಾರ ಬಂದ ಜಿಲ್ಲಾ ತಂಡದಲ್ಲಿ ಸ್ವರ್ಣಾಳ ಹೆಸರಿರಲಿಲ್ಲ, ಏಪ್ರಿಲ್ ಮುಗಿಯುತ್ತಲೂ ಅವಳು ಧಾರವಾಡಕ್ಕೆ ಹೋದದ್ದೂ ಹೌದು. ಆದರೆ ಅದಕ್ಕೂ ಮುಂಚೆ ಆ ರವಿವಾರದ ಸಂಜೆ ಇತ್ತು.

ಅವಧೂತ ಬಾಗಿಲು ತೆರೆದು ಇಬ್ಬರ ಕೆಂಪು ಕಣ್ಣು ನೋಡಿದ. "ಸೋತ್ರೇನು?"

"ಸೋತ್ರು. ನಾನೇ ಸೋಲಿಸ್ದೆ," ಎಂದು ರೇಣು ಒಳಗೆ ಹೋಗಿ ಕೂತೇಬಿಟ್ಟಳು. "ಮಾಯಾನ ದೆಸಿಂದ ಸೋಲಿಸ್ದೆ. ಅಕಿ ತನಗ ತಾನ ಖೋ ಕೊಟ್ಕೋತಿದ್ಲು, ನಿಮಗ ಗೊತ್ತದೇನ್ರಿ?"

ಹೆಸರು ಕೇಳಿದ್ದೇ ಅವಧೂತನ ಮುಖ ಕಪ್ಪಿಟ್ಟಿತು. ಅವನು ಮೂಲೆಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ. ರೇಣು ಮಾತು ನಿಲ್ಲಿಸಲಿಲ್ಲ, ಬಿಗಿದ ತುಟಿ, ಮೊಳ ದೂರದ ಕೈ, ಬಾಲ ತಿರುಗಿದ ದನಿ, ಇಂದು ಮಗಳು ಅದನ್ನೇ ಮಾಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇನ್ನೊಂದು ಚಪ್ಪಲಿ ಅವನ ಕೈಯಲ್ಲೇ ಉಳಿದಿತ್ತು. ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕೂತ. ಆಮೇಲೆ ಮಗಳ ಕಡೆ ತಿರುಗಿದ.

"ಹೆಂಗ ಅಂತಿದ್ಲು ಅಕಿ?" ಎಂದ. "ಒಮ್ಮೆ ಅಂದು ತೋರಿಸವ್ವಾ."